ಕಸಿಗೆ ಮುನ್ನ ಮಗುವಿನ ರಕ್ಷಣಾಶಕ್ತಿ: ಒಂದು ಸಮೀಕ್ಷೆ

ದೇಹವನ್ನು ರೋಗಾಣುಗಳಿಂದ ಕಾಪಾಡಬೇಕಾದ ವ್ಯವಸ್ಥೆಯೇ ದೇಹದ ಮೇಲೆ ತಿರುಗಿಬಿದ್ದು, ಕೀಲುಗಳನ್ನೂ ಕರುಳನ್ನೂ ರಕ್ತಕಣಗಳನ್ನೂ ಮೂತ್ರಪಿಂಡಗಳನ್ನೂ ಹಾಳುಗೆಡವತೊಡಗಿದಾಗ, ಅದರಲ್ಲಿಯೂ ಬೆಳೆಯುವ ವಯಸ್ಸಿನ ಮಗುವಿನಲ್ಲಿ ಈ ವೈಪರೀತ್ಯವು ತಲೆದೋರಿದಾಗ, ಅದನ್ನು ಹತ್ತಿಕ್ಕುವುದು ಹೇಗೆಂಬುದೇ ವೈದ್ಯನ ಮೊದಲ ಚಿಂತೆಯಾಗುವುದು ಸಹಜ. ಹತ್ತಿಕ್ಕುವ ಔಷಧಗಳೆಲ್ಲವೂ ಒಂದೊಂದಾಗಿ ಸೋತ ಮೇಲೆ, ಆ ವ್ಯವಸ್ಥೆಯನ್ನು ಬುಡಸಹಿತ ಕಿತ್ತುಹಾಕಿ, ಅಸ್ಥಿಮಜ್ಜೆಯ ಆಕರಕೋಶಗಳಿಂದ ಅದನ್ನು ಹೊಸದಾಗಿ ಬೆಳೆಸುವ ಕಸಿಯ ಮಾತು ಬರುತ್ತದೆ. ಆದರೆ ಈ ಎರಡು ಘಟ್ಟಗಳ ನಡುವೆ ಕೇಳಲೇಬೇಕಾದ ಪ್ರಶ್ನೆಯೊಂದುಂಟು: ಇಷ್ಟು ಉಗ್ರವಾಗಿ ವರ್ತಿಸುತ್ತಿರುವ ಈ ರಕ್ಷಣಾವ್ಯವಸ್ಥೆಯು ತನ್ನ ಸಹಜವಾದ ಕರ್ತವ್ಯವನ್ನು ಎಷ್ಟುಮಟ್ಟಿಗೆ ನಿರ್ವಹಿಸಬಲ್ಲದು? ಕಳೆದ ಮೂರು ದಶಕಗಳ ಅನುಭವವು ಕೊಟ್ಟಿರುವ ಉತ್ತರ ಮೇಲುನೋಟಕ್ಕೆ ವಿಚಿತ್ರವಾದುದು. ತೀವ್ರವಾದ ಸ್ವಪ್ರತಿರಕ್ಷಾ ರೋಗದಿಂದ ಬಳಲುವ ಮಕ್ಕಳಲ್ಲಿ ರಕ್ಷಣಾಶಕ್ತಿಯು ಬಹುತೇಕ ದುರ್ಬಲವಾಗಿರುತ್ತದೆ. ಆ ದೌರ್ಬಲ್ಯವು ಕೆಲವರಿಗೆ ಹುಟ್ಟಿನಿಂದಲೇ ಬಂದಿರುತ್ತದೆ, ಕೆಲವರಿಗೆ ರೋಗದ ಉರಿಯೂತದಿಂದ ಉಂಟಾಗಿರುತ್ತದೆ, ಹೆಚ್ಚುಕಡಿಮೆ ಎಲ್ಲರಲ್ಲಿಯೂ ಔಷಧಗಳಿಂದ ಹೆಚ್ಚಿರುತ್ತದೆ. ಈ ಮೂರನ್ನು ಬೇರೆಬೇರೆಯಾಗಿ ಗುರುತಿಸದೆ ಕಸಿಗೆ ಕೈಹಾಕುವುದು ಯುಕ್ತವಲ್ಲವೆಂಬುದನ್ನು ನಿರೂಪಿಸುವುದೇ ಈ ಲೇಖನದ ಉದ್ದೇಶ.

ದೇಹವು ತನ್ನನ್ನು ತಾನೇ ಹಿಂಸಿಸಿಕೊಳ್ಳಬಹುದೆಂಬ ಕಲ್ಪನೆಯನ್ನು ವಿಜ್ಞಾನವು ಸುಲಭವಾಗಿ ಅಂಗೀಕರಿಸಲಿಲ್ಲ. ಜರ್ಮನಿಯ ಪಾಲ್ ಎರ್ಲಿಖ್ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಆಡುಗಳಿಗೆ ಇತರ ಆಡುಗಳ ರಕ್ತವನ್ನು ಚುಚ್ಚಿ ನೋಡಿ, ಪರರ ರಕ್ತಕಣಗಳನ್ನು ಒಡೆಯುವ ಪ್ರತಿಕಾಯಗಳು ಹುಟ್ಟುವುದುಂಟು, ಸ್ವಂತ ರಕ್ತಕಣಗಳನ್ನು ಒಡೆಯುವಂಥವು ಹುಟ್ಟುವುದಿಲ್ಲವೆಂದು ಕಂಡುಕೊಂಡು, ಪ್ರಕೃತಿಯು ಇಂತಹ ಆತ್ಮಘಾತಕ್ಕೆ ಹೇಸುತ್ತದೆಂದು ಸಾರಿದನು. ಆದರೆ 1904ರಲ್ಲಿಯೇ ಡೊನಾತ್ ಮತ್ತು ಲ್ಯಾಂಡ್‌ಸ್ಟೈನರ್ ಎಂಬವರು, ಚಳಿ ತಗುಲಿದಾಗ ರಕ್ತಕಣಗಳು ಒಡೆದು ಮೂತ್ರ ಕೆಂಪಾಗುವ ರೋಗವೊಂದರಲ್ಲಿ, ರೋಗಿಯ ಸ್ವಂತ ಪ್ರತಿಕಾಯವೇ ಅದಕ್ಕೆ ಕಾರಣವೆಂದು ತೋರಿಸಿಕೊಟ್ಟರು. ಮಕ್ಕಳ ವಿಷಯಕ್ಕೆ ಬಂದರೆ, 1897ರಲ್ಲಿ ಲಂಡನ್ನಿನ ವೈದ್ಯ ಜಾರ್ಜ್ ಫ್ರೆಡರಿಕ್ ಸ್ಟಿಲ್, ಕೀಲುಗಳ ಊತದ ಜೊತೆಗೆ ಜ್ವರ, ದುಗ್ಧಗ್ರಂಥಿಗಳ ಊತ, ಗುಲ್ಮದ ಹಿಗ್ಗುವಿಕೆ ಇವುಗಳಿಂದ ಕೂಡಿದ ಸಂಧಿವಾತವನ್ನು ಮಕ್ಕಳಲ್ಲಿ ವಿವರಿಸಿದನು. ಸರ್ವಾಂಗವನ್ನು ವ್ಯಾಪಿಸುವ ಈ ಬಾಲಸಂಧಿವಾತವೇ ಮುಂದೆ ಇಪ್ಪತ್ತನೆಯ ಶತಮಾನದ ಕೊನೆಯಲ್ಲಿ ಮಕ್ಕಳಲ್ಲಿ ಕಸಿಯ ಚಿಕಿತ್ಸೆಗೆ ಮುಖ್ಯ ಪರೀಕ್ಷಾಕ್ಷೇತ್ರವಾಯಿತು.

ಅಸ್ಥಿಮಜ್ಜೆಯ ಕಸಿಯಿಂದ ರಕ್ಷಣಾವ್ಯವಸ್ಥೆಯನ್ನು ಪುನಃ ನಿರ್ಮಿಸಬಹುದೆಂಬುದು 1968ರಲ್ಲಿ ಸಿದ್ಧವಾಗಿತ್ತು. ಆ ವರ್ಷ ಅಮೆರಿಕದ ಮಿನೆಸೋಟಾದಲ್ಲಿ ರಾಬರ್ಟ್ ಗುಡ್ ಮತ್ತು ಅವನ ಸಂಗಡಿಗರು, ಹುಟ್ಟಿನಿಂದಲೇ ರಕ್ಷಣಾಶಕ್ತಿಯಿಲ್ಲದ ಗಂಡುಮಗುವೊಂದಕ್ಕೆ ಅದರ ಅಕ್ಕನ ಅಸ್ಥಿಮಜ್ಜೆಯನ್ನು ಕೊಟ್ಟು ಬದುಕಿಸಿದರು. ಸ್ವಪ್ರತಿರಕ್ಷಾ ರೋಗಗಳಿಗೂ ಈ ಚಿಕಿತ್ಸೆ ಸಲ್ಲಬಹುದೆಂಬ ಸೂಚನೆ ಬಂದುದು ಪ್ರಾಣಿಪ್ರಯೋಗಗಳಿಂದ. 1985ರಲ್ಲಿ ಜಪಾನಿನ ಇಕೆಹಾರ ಇಲಿಗಳಲ್ಲಿಯೂ, 1989ರಲ್ಲಿ ನೆದರ್ಲೆಂಡ್ಸಿನ ವಾನ್ ಬೆಕ್ಕುಮ್ ಸಂಧಿವಾತ ಬರಿಸಿದ ಹೆಗ್ಗಣಗಳಲ್ಲಿಯೂ ಅಸ್ಥಿಮಜ್ಜೆಯ ಕಸಿಯಿಂದ ರೋಗವು ಶಮನವಾಗುವುದನ್ನು ತೋರಿಸಿದರು. ಈ ಆಧಾರದ ಮೇಲೆ ನೆದರ್ಲೆಂಡ್ಸಿನ ಉಟ್ರೆಕ್ಟ್ ನಗರದ ಮಕ್ಕಳ ಆಸ್ಪತ್ರೆಯ ವುಲ್ಫ್ರಾಟ್ ಮೊದಲಾದ ವೈದ್ಯರು, ಯಾವ ಔಷಧಕ್ಕೂ ಬಗ್ಗದ ಬಾಲಸಂಧಿವಾತದ ನಾಲ್ವರು ಮಕ್ಕಳಿಗೆ ಅವರವರ ಆಕರಕೋಶಗಳಿಂದಲೇ ಕಸಿ ಮಾಡಿ 1999ರಲ್ಲಿ ವರದಿಮಾಡಿದರು. ಮಗುವಿನ ಆಕರಕೋಶಗಳನ್ನು ಮೊದಲೇ ಸಂಗ್ರಹಿಸಿ, ಅವುಗಳಲ್ಲಿ ಸೇರಿಕೊಂಡಿರುವ ಟಿ ಕೋಶಗಳೆಂಬ ರಕ್ಷಣಾಕೋಶಗಳನ್ನು ಬೇರ್ಪಡಿಸಿ, ಬಳಿಕ ಸೈಕ್ಲೋಫಾಸ್ಫಮೈಡ್, ಟಿ ಕೋಶವಿರೋಧಿ ಸೀರಮ್ ಮತ್ತು ಅಲ್ಪ ಪ್ರಮಾಣದ ವಿಕಿರಣದಿಂದ ಹಳೆಯ ರಕ್ಷಣಾವ್ಯವಸ್ಥೆಯನ್ನು ಅಳಿಸಿ, ಕೊನೆಗೆ ಆ ಕೋಶಗಳನ್ನು ಮರಳಿ ರಕ್ತಕ್ಕೆ ಸೇರಿಸುವುದು ಅವರ ಕ್ರಮವಾಗಿತ್ತು.

2004ರಲ್ಲಿ ಯೂರೋಪಿನ ಹಲವು ಕೇಂದ್ರಗಳ 34 ಮಕ್ಕಳ ಅನುಭವವು ಒಟ್ಟಾಗಿ ಪ್ರಕಟವಾಯಿತು. ಅವರಲ್ಲಿ 18 ಮಕ್ಕಳು ಔಷಧವಿಲ್ಲದೆಯೇ ಸಂಪೂರ್ಣ ರೋಗಶಮನವನ್ನು ಪಡೆದಿದ್ದರು. ವರ್ಷಾನುಗಟ್ಟಲೆ ಸ್ಟೀರಾಯ್ಡಿನ ಅಡಿಯಲ್ಲಿ ಬೆಳವಣಿಗೆ ಕುಂಠಿತವಾಗಿದ್ದ ಮಕ್ಕಳಿಗೆ ಇದು ಅಸಾಧಾರಣವಾದ ಫಲವೇ ಸರಿ. ಆದರೆ ಅದೇ ವರದಿಯಲ್ಲಿ ಕಸಿಯ ಕಾರಣದಿಂದಲೇ ಸಂಭವಿಸಿದ ಮರಣಗಳ ಲೆಕ್ಕವೂ ಇದ್ದಿತು. ಆರಂಭಕಾಲದ ಆ ಸಾವುಗಳಲ್ಲಿ ಮುಖ್ಯವಾಗಿ ಕಂಡುಬಂದುದು ಮ್ಯಾಕ್ರೊಫೇಜ್ ಎಂಬ ಭಕ್ಷಕಕೋಶಗಳು ಅಂಕೆಮೀರಿ ಉದ್ರೇಕಗೊಂಡು, ರಕ್ತಕಣಗಳನ್ನೇ ನುಂಗತೊಡಗುವ ಭಯಾನಕವಾದ ಉಪದ್ರವ. ಸೋಂಕೊಂದು ನೆಪವಾಗಿ, ಸರ್ವಾಂಗದ ಉರಿಯೂತವು ಹತೋಟಿಯಲ್ಲಿರದೆ, ಟಿ ಕೋಶಗಳನ್ನು ಅತಿಯಾಗಿ ತೊಡೆದುಹಾಕಿದ್ದ ಸ್ಥಿತಿಯಲ್ಲಿ ಅದು ಸಂಭವಿಸಿತ್ತು. ಬಳಿಕ ವೈದ್ಯರು ಕ್ರಮವನ್ನು ತಿದ್ದಿದರು: ಟಿ ಕೋಶಗಳನ್ನು ಅಷ್ಟು ಕಟ್ಟುನಿಟ್ಟಾಗಿ ಬೇರ್ಪಡಿಸದಿರುವುದು, ಕಸಿಗೆ ಮುನ್ನವೇ ಜ್ವರ ಮತ್ತು ಉರಿಯೂತವನ್ನು ಶಮನಗೊಳಿಸುವುದು, ವೈರಸ್‌ಗಳಿಗೆ ಮುಂಜಾಗ್ರತೆಯ ಔಷಧ ಕೊಡುವುದು, ಕಸಿಯ ಅನಂತರ ಸ್ಟೀರಾಯ್ಡನ್ನು ನಿಧಾನವಾಗಿ ಇಳಿಸುವುದು. ಕಸಿಯ ಪೂರ್ವದಲ್ಲಿ ಮಗುವಿನ ರಕ್ಷಣಾಶಕ್ತಿ ಹೇಗಿದೆಯೆಂಬ ಪ್ರಶ್ನೆಗೆ ಜೀವನ್ಮರಣದ ಮಹತ್ವ ಬಂದುದು ಈ ಅನುಭವದಿಂದ.

ಈ ಉಪದ್ರವದ ಮೂಲವನ್ನು ಶೋಧಿಸಿದಾಗ ದೃಷ್ಟಿಗೆ ಬಿದ್ದುದು ಪರ್ಫೋರಿನ್ ಎಂಬ ಪ್ರೋಟೀನು. ಸಹಜ ಸಂಹಾರಕ ಕೋಶಗಳೂ ಕೋಶನಾಶಕ ಟಿ ಕೋಶಗಳೂ ವೈರಸ್ ಹೊಕ್ಕ ಕೋಶವನ್ನು ಕೊಲ್ಲುವಾಗ, ಅದರ ಪೊರೆಯಲ್ಲಿ ರಂಧ್ರ ಕೊರೆಯುವ ಸಾಧನವಿದು. ಶತ್ರುವನ್ನು ಕೊಂದು ಮುಗಿಸುವುದರಿಂದಲೇ ಅದು ಉದ್ರೇಕದ ಕಾರಣವನ್ನೂ ಕೊನೆಗಾಣಿಸುತ್ತದೆ. 1999ರಲ್ಲಿ, ವಂಶಾನುಗತವಾಗಿ ಬರುವ ರಕ್ತಭಕ್ಷಕ ರೋಗವೊಂದಕ್ಕೆ ಪರ್ಫೋರಿನ್ನಿನ ವಂಶವಾಹಿಯಲ್ಲಿನ ದೋಷವು ಕಾರಣವೆಂದು ತಿಳಿದುಬಂದಿತ್ತು. 2003ರಲ್ಲಿ ವುಲ್ಫ್ರಾಟ್ ಮತ್ತು ಸಂಗಡಿಗರು, ಸರ್ವಾಂಗವ್ಯಾಪಿ ಬಾಲಸಂಧಿವಾತದ ಮಕ್ಕಳಲ್ಲಿ ಈ ಪರ್ಫೋರಿನ್ನಿನ ಪ್ರಮಾಣವು ಕಸಿಗೆ ಮುನ್ನ ಕುಗ್ಗಿರುವುದನ್ನೂ, ತಮ್ಮದೇ ಆಕರಕೋಶಗಳ ಕಸಿಯಾದ ಮೇಲೆ ಅದು ಸಹಜಮಟ್ಟಕ್ಕೆ ಮರಳುವುದನ್ನೂ ತೋರಿಸಿದರು. ಈ ಶೋಧದ ಅರ್ಥ ಗಂಭೀರವಾದುದು. ಮಗುವಿನ ಆಕರಕೋಶಗಳಲ್ಲಿ ದೋಷವಿದ್ದಿದ್ದರೆ ಅವುಗಳಿಂದಲೇ ಹುಟ್ಟಿದ ಹೊಸ ಕೋಶಗಳೂ ದುರ್ಬಲವಾಗಿಯೇ ಇರಬೇಕಾಗಿತ್ತು. ಹಾಗಾಗದಿರುವುದರಿಂದ ಆ ದೌರ್ಬಲ್ಯವು ರೋಗದ ಅವಧಿಯಲ್ಲಿ ಪ್ರಾಪ್ತವಾದದ್ದೆಂದು ಸಿದ್ಧವಾಗುತ್ತದೆ. 2009ರಲ್ಲಿ ಇಂಟರ್‌ಲ್ಯೂಕಿನ್-18 ಎಂಬ ಸಂಕೇತ ಪ್ರೋಟೀನಿನ ಸಂದೇಶವನ್ನು ಈ ಮಕ್ಕಳ ಸಂಹಾರಕ ಕೋಶಗಳು ಸರಿಯಾಗಿ ಗ್ರಹಿಸಲಾರವೆಂಬುದೂ, 2015ರಲ್ಲಿ ರೋಮಿನ ಸಂಶೋಧಕರಿಂದ ಇಂಟರ್‌ಲ್ಯೂಕಿನ್-6ರ ಆಧಿಕ್ಯವೇ ಪರ್ಫೋರಿನ್ನನ್ನು ಕುಗ್ಗಿಸುತ್ತದೆಂಬುದೂ ತಿಳಿದುಬಂದುವು. ಉರಿಯೂತವನ್ನು ಇಳಿಸಿದರೆ ಈ ಶಕ್ತಿಯ ಬಹುಭಾಗವು ಮರಳಿ ಬರುವುದು. ಆದುದರಿಂದ ಇಂತಹ ಮಗುವನ್ನು ಜ್ವರದ ಉಲ್ಬಣದಲ್ಲಿ ಕಸಿಗೆ ಒಯ್ಯತಕ್ಕದ್ದಲ್ಲ.

ಆದರೆ ಎಲ್ಲ ಮಕ್ಕಳ ದೌರ್ಬಲ್ಯವೂ ಹೀಗೆ ಪ್ರಾಪ್ತವಾದದ್ದಲ್ಲ. ಕೆಲವರಲ್ಲಿ ಅದು ಗರ್ಭದಿಂದಲೇ ಬಂದದ್ದು. 1995ರಲ್ಲಿ ಜಪಾನಿನ ಶಿಮೋನ್ ಸಕಾಗುಚಿ, ಇತರ ಟಿ ಕೋಶಗಳ ಉದ್ಧಟತನವನ್ನು ತಡೆಯುವ ನಿಯಂತ್ರಕ ಟಿ ಕೋಶಗಳನ್ನು ಗುರುತಿಸಿದನು. 2001ರಲ್ಲಿ ಅಮೆರಿಕದ ಮೇರಿ ಬ್ರಂಕೋ ಮತ್ತು ಫ್ರೆಡ್ ರ್‍ಯಾಮ್ಸ್‌ಡೆಲ್, ಮೈಯೆಲ್ಲ ಹೊಪ್ಪಳೆಗಟ್ಟಿ ಎಳವೆಯಲ್ಲಿಯೇ ಸಾಯುವ ಇಲಿಮರಿಗಳ ರೋಗಕ್ಕೆ ಕಾರಣವಾದ ಫಾಕ್ಸ್‌ಪಿ3 ಎಂಬ ವಂಶವಾಹಿಯನ್ನು ಪತ್ತೆಹಚ್ಚಿದರು. ನಿಯಂತ್ರಕ ಟಿ ಕೋಶಗಳು ಬೆಳೆಯಲು ಬೇಕಾದ ಅದೇ ವಂಶವಾಹಿಯ ದೋಷದಿಂದ ಗಂಡುಶಿಶುಗಳಲ್ಲಿ ನಿಲ್ಲದ ಭೇದಿ, ಮಧುಮೇಹ, ಚರ್ಮದ ಉರಿ ಇವು ಹುಟ್ಟಿದ ಕೆಲವೇ ವಾರ ಅಥವಾ ತಿಂಗಳುಗಳಲ್ಲಿ ಒಟ್ಟಿಗೆ ಕಾಣಿಸಿಕೊಳ್ಳುವ ಐಪೆಕ್ಸ್ ಎಂಬ ಮಾರಕ ವ್ಯಾಧಿಯುಂಟಾಗುವುದೂ ಗೊತ್ತಾಯಿತು. ಈ ಮೂವರಿಗೂ 2025ರ ನೊಬೆಲ್ ಪಾರಿತೋಷಕವು ಸಂದಿತು. ಐಪೆಕ್ಸ್ ರೋಗದ ಮಗುವಿಗೆ ದಾನಿಯ ಅಸ್ಥಿಮಜ್ಜೆಯನ್ನು ಕೊಟ್ಟ ಪ್ರಯತ್ನವನ್ನು ಪ್ಯಾರಿಸ್ಸಿನ ವೈದ್ಯರು 2001ರಲ್ಲಿಯೇ ಪ್ರಕಟಿಸಿದರು. ದಾನಿಯ ಕೋಶಗಳು ಮಿಶ್ರವಾಗಿ ನೆಲೆಸಿದರೂ, ನಿಯಂತ್ರಕ ಕೋಶಗಳು ದಾನಿಯಿಂದ ಹುಟ್ಟಿದವಾಗಿದ್ದರೆ ರೋಗವು ತಗ್ಗುತ್ತದೆಂಬುದು ಮುಂದಿನ ಅನುಭವ. ಇಂತಹ ಮಗುವಿಗೆ ಅದರದೇ ಆಕರಕೋಶಗಳನ್ನು ಮರಳಿಸಿದರೆ ದೋಷವೂ ಅವುಗಳೊಡನೆಯೇ ಮರಳುವುದು.

ಐಪೆಕ್ಸ್ ವಿರಳವಾದುದಾದರೂ ಅದು ತೆರೆದ ಬಾಗಿಲಿನಿಂದ ಹೊರಬಂದ ಸಂಗತಿಗಳು ಅನೇಕ. ಸಿಟಿಎಲ್‌ಎ-4 ಎಂಬ ತಡೆಯ ಪ್ರೋಟೀನಿನ ಅರೆಕೊರತೆ, ಆ ಪ್ರೋಟೀನನ್ನು ಕೋಶದೊಳಗೆ ನಾಶವಾಗದಂತೆ ಕಾಯುವ ಎಲ್‌ಆರ್‌ಬಿಎಯ ಕೊರತೆ, ಶಿಶುಗಳಲ್ಲಿ ಕರುಳನ್ನು ಹುಣ್ಣಾಗಿಸುವ ಇಂಟರ್‌ಲ್ಯೂಕಿನ್-10 ಗ್ರಾಹಕದ ದೋಷ, ಇವೆಲ್ಲವೂ ಒಂದೇ ಮಗುವಿನಲ್ಲಿ ಸ್ವಪ್ರತಿರಕ್ಷಾ ರೋಗವನ್ನೂ ಪದೇಪದೇ ಸೋಂಕುಗಳನ್ನೂ ಒಟ್ಟಿಗೆ ತರುತ್ತವೆ. ಪೂರಕ ಪ್ರೋಟೀನುಗಳಲ್ಲೊಂದಾದ ಸಿ1ಕ್ಯೂವಿನ ಕೊರತೆಯಿಂದ ಎಳವೆಯಲ್ಲಿಯೇ ಲೂಪಸ್ ಎಂಬ ಸ್ವಪ್ರತಿರಕ್ಷಾ ರೋಗ ಬರುವುದುಂಟು. ಈ ಪ್ರೋಟೀನನ್ನು ಉತ್ಪಾದಿಸುವ ಕೋಶಗಳು ಅಸ್ಥಿಮಜ್ಜೆಯ ಸಂತಾನವಾದುದರಿಂದ ದಾನಿಯ ಕಸಿಯು ಇಲ್ಲಿ ಕೊರತೆಯನ್ನು ಮೂಲದಲ್ಲಿಯೇ ತುಂಬುತ್ತದೆ. ಕೆಂಪು ರಕ್ತಕಣಗಳೂ ಕಿರುಬಿಲ್ಲೆಗಳೂ ಒಟ್ಟಿಗೆ ಇಲ್ಲವೆ ಒಂದರ ಬಳಿಕ ಒಂದಾಗಿ ನಾಶವಾಗುವ ಇವಾನ್ಸ್ ಲಕ್ಷಣಕೂಟದ 80 ಮಕ್ಕಳ ವಂಶವಾಹಿಗಳನ್ನು ಫ್ರಾನ್ಸಿನಲ್ಲಿ ಪರಿಶೀಲಿಸಿ 2019ರಲ್ಲಿ ಪ್ರಕಟಿಸಿದ ವರದಿಯಲ್ಲಿ 32 ಮಕ್ಕಳಿಗೆ ಸ್ಪಷ್ಟವಾದ ರೋಗಕಾರಕ ದೋಷವು ಕಂಡುಬಂದಿತು. ಕಾರಣವಿಲ್ಲದ ರೋಗವೆಂದು ಕರೆಯಲ್ಪಡುತ್ತಿದ್ದುದರಲ್ಲಿ ಇಷ್ಟು ದೊಡ್ಡ ಪಾಲಿಗೆ ನಿಶ್ಚಿತವಾದ ಕಾರಣವಿದ್ದಿತೆಂಬುದು ನಮ್ಮನ್ನು ಎಚ್ಚರಿಸಬೇಕಾದ ಸಂಗತಿ. ರೋಗವು ಬಹಳ ಎಳೆಯ ವಯಸ್ಸಿನಲ್ಲಿ ಬಂದರೆ, ಒಂದಕ್ಕಿಂತ ಹೆಚ್ಚು ಅಂಗಗಳನ್ನು ಹಿಡಿದರೆ, ಅದರ ಜೊತೆಗೆ ಸೋಂಕುಗಳು ಮರುಕಳಿಸುತ್ತಿದ್ದರೆ, ಅಥವಾ ಮನೆತನದಲ್ಲಿ ಶಿಶುಮರಣಗಳು ನಡೆದಿದ್ದರೆ, ವಂಶವಾಹಿಯ ಪರೀಕ್ಷೆಯನ್ನು ಮಾಡಿಸದೆ ಕಸಿಯನ್ನು ನಿರ್ಧರಿಸಕೂಡದು.

ಮೂರನೆಯ ದೌರ್ಬಲ್ಯವು ಔಷಧಜನ್ಯವಾದುದು. ಕಸಿಯ ಹೊಸ್ತಿಲಿಗೆ ಬರುವ ಮಗುವು ವರ್ಷಗಟ್ಟಲೆ ಸ್ಟೀರಾಯ್ಡನ್ನೂ ಮೆಥೊಟ್ರೆಕ್ಸೇಟ್, ಸೈಕ್ಲೋಸ್ಪೋರಿನ್ ಮುಂತಾದುವನ್ನೂ ನುಂಗಿರುತ್ತದೆ. ಪ್ರತಿಕಾಯಗಳಿಗೆ ಮೂಲವಾದ ಬಿ ಕೋಶಗಳನ್ನು ಅಳಿಸುವ ರಿಟುಕ್ಸಿಮ್ಯಾಬ್ ಪಡೆದ ಮಕ್ಕಳಲ್ಲಿ ಆ ಕೋಶಗಳು ಸಾಮಾನ್ಯವಾಗಿ ಆರು ತಿಂಗಳಿಂದ ಒಂದು ವರ್ಷದವರೆಗೆ ಕಾಣೆಯಾಗಿರುತ್ತವೆ. ಕೆಲವು ಮಕ್ಕಳಲ್ಲಿ ಪ್ರತಿಕಾಯಗಳ ಕೊರತೆಯು ಇನ್ನೂ ದೀರ್ಘಕಾಲ ಉಳಿಯುತ್ತದೆ. ಇಲ್ಲಿ ಇನ್ನೊಂದು ತೊಡಕುಂಟು. ಪ್ರತಿಕಾಯಗಳ ಕೊರತೆಯನ್ನು ನೀಗಲು ರಕ್ತನಾಳದ ಮೂಲಕ ಇಮ್ಯುನೊಗ್ಲಾಬ್ಯುಲಿನ್ ಕೊಟ್ಟಿದ್ದರೆ, ಅನಂತರ ಮಾಡುವ ಪರೀಕ್ಷೆಯಲ್ಲಿ ಕಾಣುವುದು ಸಾವಿರಾರು ರಕ್ತದಾನಿಗಳ ಪ್ರತಿಕಾಯ. ಅದರ ಅರ್ಧಾಯುಷ್ಯವು ಸುಮಾರು ಮೂರು ವಾರಗಳಾದುದರಿಂದ ಹಲವು ತಿಂಗಳವರೆಗೆ ಮಗುವಿನ ಸ್ವಂತ ಶಕ್ತಿಯು ಆ ಮುಸುಕಿನ ಹಿಂದೆಯೇ ಉಳಿಯುವುದು. ಆದುದರಿಂದ ಇಮ್ಯುನೊಗ್ಲಾಬ್ಯುಲಿನ್ ಆಗಲಿ ರಿಟುಕ್ಸಿಮ್ಯಾಬ್ ಆಗಲಿ ಆರಂಭಿಸುವುದಕ್ಕೆ ಮೊದಲೇ ರಕ್ತದ ಮಾದರಿಯನ್ನು ತೆಗೆದು, ಐಜಿಜಿ, ಐಜಿಎ, ಐಜಿಎಂ ಎಂಬ ಪ್ರತಿಕಾಯಗಳ ಪ್ರಮಾಣವನ್ನೂ ಹಿಂದಿನ ಲಸಿಕೆಗಳಿಗೆ ಹುಟ್ಟಿದ ಪ್ರತಿಕಾಯಗಳನ್ನೂ ಅಳೆದಿಡುವುದು ವಿವೇಕ. ಸಜೀವ ಲಸಿಕೆಗಳು ಇಂತಹ ಮಗುವಿಗೆ ನಿಷಿದ್ಧ. ನಿರ್ಜೀವ ಲಸಿಕೆಗಳನ್ನು ಔಷಧದ ಭಾರವು ಏರುವ ಮುನ್ನವೇ ಮುಗಿಸಬೇಕು. ಮನೆಯವರೆಲ್ಲರೂ ಲಸಿಕೆ ಪಡೆದಿರಬೇಕು.

ಥೈಮಸ್ ಗ್ರಂಥಿಯ ವಿಚಾರವನ್ನು ಇಲ್ಲಿ ಪ್ರತ್ಯೇಕವಾಗಿ ಹೇಳಬೇಕು. ಎದೆಗೂಡಿನ ಮುಂಭಾಗದಲ್ಲಿ ಹೃದಯದ ಮೇಲ್ಗಡೆ ನೆಲೆಸಿರುವ ಈ ಗ್ರಂಥಿಯು ಟಿ ಕೋಶಗಳ ಪಾಠಶಾಲೆ. ತನ್ನವರನ್ನು ಹಿಂಸಿಸುವ ಕೋಶಗಳನ್ನು ಅಲ್ಲಿಯೇ ತಡೆದು, ಪರರನ್ನು ಗುರುತಿಸಬಲ್ಲವನ್ನು ಮಾತ್ರ ಹೊರಬಿಡುತ್ತದೆ. ಶೈಶವದಲ್ಲಿ ಪುಷ್ಟವಾಗಿದ್ದು ವಯಸ್ಸು ಏರಿದಂತೆ ಅದು ಕುಗ್ಗುವುದರಿಂದ, ಕಸಿಯ ಅನಂತರ ಹೊಸ ಟಿ ಕೋಶಗಳನ್ನು ಬೆಳೆಸಿಕೊಳ್ಳುವ ಸಾಮರ್ಥ್ಯದಲ್ಲಿ ಮಕ್ಕಳು ವಯಸ್ಕರಿಗಿಂತ ಭಾಗ್ಯಶಾಲಿಗಳು. 2006ರಲ್ಲಿ ಉಟ್ರೆಕ್ಟಿನಿಂದ ಬಂದ ಇನ್ನೊಂದು ವರದಿಯು, ಕಸಿಯ ತರುವಾಯ ನಿಯಂತ್ರಕ ಟಿ ಕೋಶಗಳ ಜಾಲವು ಪುನಃ ಸ್ಥಾಪಿತವಾಗುವುದನ್ನೂ, ಸ್ವಂತ ದೇಹದ ವಿರುದ್ಧ ವರ್ತಿಸುತ್ತಿದ್ದ ಟಿ ಕೋಶಗಳ ಸ್ವಭಾವವೇ ಬದಲಾಗುವುದನ್ನೂ ಕಾಣಿಸಿತು. ಆದರೆ ದೀರ್ಘಕಾಲದ ಸ್ಟೀರಾಯ್ಡು ಥೈಮಸ್ಸನ್ನು ಅಕಾಲದಲ್ಲಿ ಕುಗ್ಗಿಸುತ್ತದೆ. ಹೊಸದಾಗಿ ಹೊರಬಿದ್ದ ಟಿ ಕೋಶಗಳ ಪ್ರಮಾಣವನ್ನು ಅಳೆದು ಈ ಗ್ರಂಥಿಯ ಕಸುವನ್ನು ಊಹಿಸಲು ಇಂದು ಸಾಧ್ಯವಿದೆ. ಕಸಿಯ ಬಳಿಕ ಆ ಮಗುವು ಎಷ್ಟು ಕಾಲ ಸೋಂಕಿನ ಭಯದಲ್ಲಿರಬೇಕಾಗುವುದೆಂಬುದನ್ನು ಆ ಅಳತೆಯೇ ಮುಂದಾಗಿ ಸೂಚಿಸುತ್ತದೆ.

ಹೀಗಿರಲು ಕಸಿಪೂರ್ವದ ಪರಿಶೀಲನೆಯು ಒಂದು ಸಂಖ್ಯೆಯನ್ನು ನೋಡಿ ತೃಪ್ತಿಪಡುವಂಥದ್ದಲ್ಲ. ಟಿ, ಬಿ ಮತ್ತು ಸಂಹಾರಕ ಕೋಶಗಳ ಎಣಿಕೆಯನ್ನು ವಯಸ್ಸಿಗನುಗುಣವಾಗಿ ಓದಬೇಕು. ಈ ಕೋಶಗಳೆಲ್ಲ ಸೇರಿದ ದುಗ್ಧಕಣಗಳು ಪ್ರತಿ ಘನ ಮಿಲಿಮೀಟರಿಗೆ 2,000 ಎಂಬುದು ವಯಸ್ಕನಿಗೆ ಸಹಜವಾದರೂ ಎಳೆಯ ಶಿಶುವಿನಲ್ಲಿ ಅದು ಕೊರತೆಯ ಲಕ್ಷಣ. ಎಣಿಕೆಯಷ್ಟೇ ಸಾಲದು, ಉದ್ದೀಪನಕ್ಕೆ ಕೋಶಗಳು ವೃದ್ಧಿಸುತ್ತವೆಯೆ, ಸಂಹಾರಕ ಕೋಶಗಳು ನಿಜವಾಗಿಯೂ ಕೊಲ್ಲುತ್ತವೆಯೆ, ನಿಯಂತ್ರಕ ಕೋಶಗಳು ಇವೆಯೆ ಎಂಬುದನ್ನು ನೋಡಬೇಕು. ಅದರೊಡನೆ ಮೈಯಲ್ಲಿ ಅಡಗಿರುವ ಸೋಂಕುಗಳನ್ನು ಹುಡುಕಬೇಕು: ಸೈಟೊಮೆಗಲೊ, ಎಪ್‌ಸ್ಟೈನ್-ಬಾರ್, ಅಡೆನೊ ವೈರಸ್‌ಗಳು, ಕಾಮಾಲೆಯ ಬಿ ವೈರಸ್, ಕ್ಷಯ. ನಮ್ಮ ದೇಶದಲ್ಲಿ ಈ ಹುಡುಕಾಟಕ್ಕೆ ವಿಶೇಷವಾದ ತೂಕವಿದೆ. ಇಲ್ಲಿ ಕ್ಷಯವು ವ್ಯಾಪಕ, ಹುಟ್ಟಿದೊಡನೆ ಬಿಸಿಜಿ ಎಂಬ ಸಜೀವ ಲಸಿಕೆ ಹಾಕುವುದು ರೂಢಿ, ಆದರೆ ರೋಗನಿರೋಧವನ್ನು ಕುಗ್ಗಿಸುವ ಔಷಧಗಳನ್ನು ಸೇವಿಸುತ್ತಿರುವ ಮಗುವಿನಲ್ಲಿ ಕ್ಷಯದ ಚರ್ಮಪರೀಕ್ಷೆಯೂ ರಕ್ತಪರೀಕ್ಷೆಯೂ ಸುಳ್ಳಾಗಿ ಇಲ್ಲವೆಂದು ಹೇಳಬಹುದು. ಬರಿಗಾಲಿನಲ್ಲಿ ಮಣ್ಣು ತುಳಿಯುವ ಮಕ್ಕಳಿಗೆ ತಗುಲುವ ಸ್ಟ್ರಾಂಜಿಲಾಯ್ಡಿಸ್ ಎಂಬ ಹುಳುವು ಸ್ಟೀರಾಯ್ಡಿನ ಆಸರೆಯಲ್ಲಿ ಮೈಯೆಲ್ಲ ಹರಡಿ ಪ್ರಾಣಾಪಾಯ ತರಬಲ್ಲದು.

ದಾನಿಯ ಆಯ್ಕೆಯೂ ಇದೇ ಪರಿಶೀಲನೆಯ ಮುಂದುವರಿಕೆ. ಒಡಹುಟ್ಟಿದವರ ಅಸ್ಥಿಮಜ್ಜೆಯು ಹೊಂದಿದರೆ ಅದಕ್ಕಿಂತ ಉತ್ತಮವಾದದ್ದಿಲ್ಲವೆಂಬುದು ಸಾಮಾನ್ಯ ನಿಯಮ. ಆದರೆ ಸಿಟಿಎಲ್‌ಎ-4ರಂತಹ ದೋಷವನ್ನು ಹೊತ್ತೂ ಯಾವ ಲಕ್ಷಣವನ್ನೂ ತೋರದ ಅಣ್ಣನೋ ತಂಗಿಯೋ ಇರಬಹುದಾದುದರಿಂದ, ಆರೋಗ್ಯವಾಗಿ ಕಾಣುತ್ತಾರೆಂಬ ಕಾರಣಕ್ಕೆ ಅವರನ್ನು ದಾನಿಗಳನ್ನಾಗಿ ಮಾಡಿದರೆ ರೋಗವನ್ನೇ ಮತ್ತೆ ಕಸಿಮಾಡಿದಂತಾಗುವುದು. ಕರ್ನಾಟಕದಲ್ಲಿ ಮನೆತನದ ಈ ವಿಚಾರಣೆಗೆ ಇನ್ನಷ್ಟು ಮಹತ್ವವಿದೆ. ಸೋದರಮಾವನಿಗೆ ಹೆಣ್ಣುಕೊಡುವುದು, ಅತ್ತೆಯ ಮಗನನ್ನೋ ಮಾವನ ಮಗಳನ್ನೋ ವರಿಸುವುದು ನಮ್ಮಲ್ಲಿ ಬಹುಕಾಲದಿಂದ ನಡೆದುಬಂದ ಪದ್ಧತಿ. ತಂದೆತಾಯಿಗಳಿಬ್ಬರಿಂದಲೂ ದೋಷವು ಬಂದಾಗ ಮಾತ್ರ ಪ್ರಕಟವಾಗುವ ಎಲ್‌ಆರ್‌ಬಿಎ, ಇಂಟರ್‌ಲ್ಯೂಕಿನ್-10 ಗ್ರಾಹಕ, ಸಿ1ಕ್ಯೂ ಮುಂತಾದವುಗಳ ಕೊರತೆಗಳು ಇಂತಹ ಮನೆತನಗಳಲ್ಲಿ ಹೆಚ್ಚಾಗಿ ತೋರುವ ಸಂಭವವುಂಟು. ಯಾರನ್ನೂ ನಿಂದಿಸಲು ಈ ಮಾತಲ್ಲ. ವೈದ್ಯನು ವಂಶವೃಕ್ಷವನ್ನು ಸಹನೆಯಿಂದ ಕೇಳಿ ಬರೆದುಕೊಳ್ಳಬೇಕು, ಮನೆಯವರು ಸಂಕೋಚವಿಲ್ಲದೆ ಹೇಳಬೇಕು ಎಂಬುದಷ್ಟೇ ಆಶಯ.

ಇನ್ನು ಕಾಲದ ಪ್ರಶ್ನೆ. ಸರ್ವಾಂಗವ್ಯಾಪಿ ಬಾಲಸಂಧಿವಾತಕ್ಕೆ ಇಂಟರ್‌ಲ್ಯೂಕಿನ್-6ನ್ನು ತಡೆಯುವ ಟೊಸಿಲಿಜುಮ್ಯಾಬ್ ಮತ್ತು ಇಂಟರ್‌ಲ್ಯೂಕಿನ್-1ನ್ನು ತಡೆಯುವ ಕೆನಕಿನುಮ್ಯಾಬ್ ಇವುಗಳ ಸತ್ಫಲವು 2012ರಲ್ಲಿ ಪ್ರಕಟವಾದ ಮೇಲೆ, ಆ ರೋಗಕ್ಕಾಗಿ ಸ್ವಂತ ಆಕರಕೋಶಗಳ ಕಸಿ ಮಾಡುವ ಅಗತ್ಯವು ಬಹಳ ಕಡಿಮೆಯಾಯಿತು. ಈ ಔಷಧಗಳಿಗೂ ಬಗ್ಗದ ಮಕ್ಕಳಿಗೆ ದಾನಿಯ ಕಸಿಯನ್ನು ಮಾಡಿದ ಅನುಭವವನ್ನು 2018ರಲ್ಲಿ ಬ್ರಿಟನ್ನಿನ ವೈದ್ಯರು ಪ್ರಕಟಿಸಿದ್ದಾರೆ. ಬಹುಪಾಲು ಮಕ್ಕಳು ಸುಧಾರಿಸಿದರೂ ಸಾವುಗಳೂ ಸಂಭವಿಸಿದವು. ಎಲ್‌ಆರ್‌ಬಿಎ ಮತ್ತು ಸಿಟಿಎಲ್‌ಎ-4ರ ಕೊರತೆಯಿರುವ ಮಕ್ಕಳಿಗೆ ಅಬಟಸೆಪ್ಟ್ ಎಂಬ ಔಷಧವು, ಇಲ್ಲದ ತಡೆಯನ್ನು ಹೊರಗಿನಿಂದ ಒದಗಿಸಿ, ಕಸಿಗೆ ಮುನ್ನ ಮೈಯನ್ನು ತಣಿಸಬಲ್ಲದು. ಜರ್ಮನಿಯ ಎರ್ಲಾಂಗೆನ್ನಿನಲ್ಲಿ ಲೂಪಸ್ ರೋಗಿಗಳ ಸ್ವಂತ ಟಿ ಕೋಶಗಳನ್ನು ಮಾರ್ಪಡಿಸಿ ಬಿ ಕೋಶಗಳ ಮೇಲೆ ಕಳುಹಿಸಿದ ಚಿಕಿತ್ಸೆಯು 2022ರಲ್ಲಿ ಐವರು ರೋಗಿಗಳಲ್ಲಿ ಫಲಕಾರಿಯಾದುದು ವರದಿಯಾಗಿ ಹೊಸ ಆಸೆಯನ್ನು ಮೂಡಿಸಿದೆ. ಅದಕ್ಕೂ ರೋಗಿಯ ಟಿ ಕೋಶಗಳೇ ಮೂಲದ್ರವ್ಯವಾದುದರಿಂದ ಅವುಗಳ ಗುಣವನ್ನು ಮೊದಲೇ ಅರಿಯಬೇಕಾದ ಹೊಣೆಯು ತಪ್ಪಿದ್ದಲ್ಲ. ಔಷಧದಿಂದ ತಗ್ಗಿದ ರೋಗವನ್ನು ಗುಣವಾದ ರೋಗವೆಂದು ತಿಳಿದು ಕಾಲಹರಣ ಮಾಡುವುದೂ, ಅಂಗಗಳು ಹಾಳಾಗಿ ಸೋಂಕುಗಳು ಬೇರೂರಿದ ಮೇಲೆ ಕಸಿಗೆ ಓಡುವುದೂ ಸಮಾನವಾಗಿ ಅಪಾಯಕರ. ಹುಟ್ಟಿನ ದೋಷವು ಖಚಿತವಾದ ಮಗುವಿಗೆ, ರೋಗವು ತಗ್ಗಿ ಮೈ ಗಟ್ಟಿಯಿರುವ ಅವಧಿಯೇ ಕಸಿಗೆ ಪ್ರಶಸ್ತವಾದ ಕಾಲ.

ಈ ಪರಿಶೀಲನೆಗೆ ಬೇಕಾದ ಸಾಧನಗಳು ನಮಗೆ ದೂರವಾಗಿ ಉಳಿದಿಲ್ಲ. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ 1986ರಿಂದಲೂ ಅಸ್ಥಿಮಜ್ಜೆಯ ಕಸಿ ನಡೆಯುತ್ತಿದೆ. ಬೆಂಗಳೂರಿನಲ್ಲಿ ಮಕ್ಕಳ ಕಸಿಯ ಘಟಕಗಳು ಇವೆ. ಹುಟ್ಟಿನಿಂದ ಬಂದ ರಕ್ಷಣಾಶಕ್ತಿಯ ದೋಷಗಳನ್ನು ಮುಂಬಯಿಯ ರಾಷ್ಟ್ರೀಯ ಪ್ರತಿರಕ್ಷಾ ರಕ್ತವಿಜ್ಞಾನ ಸಂಸ್ಥೆಯಲ್ಲಿಯೂ ಚಂಡೀಗಢದ ಸ್ನಾತಕೋತ್ತರ ವೈದ್ಯಕೀಯ ಸಂಸ್ಥೆಯಲ್ಲಿಯೂ ಪರೀಕ್ಷಿಸುತ್ತಾರೆ. 2021ರ ರಾಷ್ಟ್ರೀಯ ವಿರಳರೋಗ ನೀತಿಯು ಒಮ್ಮೆಯ ಚಿಕಿತ್ಸೆಯಿಂದ ಗುಣವಾಗಬಲ್ಲ ರೋಗಗಳನ್ನು ಮೊದಲ ವರ್ಗದಲ್ಲಿರಿಸಿದೆ. ನೀತಿಗೆ ಒಳಪಟ್ಟ ರೋಗಗಳ ಚಿಕಿತ್ಸೆಗೆ ಗೊತ್ತುಪಡಿಸಿದ ಕೇಂದ್ರಗಳ ಮೂಲಕ 50 ಲಕ್ಷ ರೂಪಾಯಿಗಳವರೆಗೆ ನೆರವುಂಟು. ಬೆಂಗಳೂರಿನ ಮಾನವ ತಳಿವಿಜ್ಞಾನ ಕೇಂದ್ರವೂ ಇಂದಿರಾಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆಯೂ ಸೇರಿ ಅಂತಹ ಒಂದು ಕೇಂದ್ರವಾಗಿವೆ. ಇಷ್ಟಿದ್ದರೂ ಮಗುವು ಸರಿಯಾದ ಕಾಲಕ್ಕೆ ಅಲ್ಲಿಗೆ ತಲುಪದಿದ್ದರೆ ಎಲ್ಲವೂ ವ್ಯರ್ಥ. ಆದುದರಿಂದ ಜಿಲ್ಲೆಯ ಆಸ್ಪತ್ರೆಗಳಲ್ಲಿರುವ ಮಕ್ಕಳ ವೈದ್ಯರಲ್ಲಿ ಒಂದು ವಿಜ್ಞಾಪನೆ: ಸ್ವಪ್ರತಿರಕ್ಷಾ ರೋಗವು ಎಳೆಯ ಮಗುವಿನಲ್ಲಿ ತೀವ್ರವಾಗಿ ಕಾಣಿಸಿಕೊಂಡರೆ, ಎರಡನೆಯ ಔಷಧವೂ ಸೋಲುವವರೆಗೆ ಕಾಯದೆ, ಮೊದಲ ಪ್ರಬಲ ಔಷಧವನ್ನು ಕೊಡುವ ಮುನ್ನವೇ ಆ ಮಗುವಿನ ರಕ್ತವನ್ನು ರಕ್ಷಣಾಶಕ್ತಿಯ ಪರೀಕ್ಷೆಗೆ ಕಳುಹಿಸಿರಿ. ಮುಂದೆ ಕಸಿ ಬೇಕೆ ಬೇಡವೆ, ಯಾರ ಕೋಶಗಳಿಂದ, ಯಾವಾಗ ಎಂಬ ನಿರ್ಣಯಗಳಿಗೆಲ್ಲ ಆ ಮೊದಲ ಮಾದರಿಯೇ ಆಧಾರವಾಗುವುದು. ಔಷಧವನ್ನು ಆರಂಭಿಸಿದ ಬಳಿಕ ಅದನ್ನು ಮತ್ತೆ ಪಡೆಯುವುದು ಸಾಧ್ಯವಿಲ್ಲ.